ಹಡಗು ಮುಳುಗಿದ್ದು ಖರೆ ಏನು?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಹೊಳೆಗೆ ಕೊಚ್ಚಿಹೋಯಿತು. ಮುನಿರಾಬಾದಿನಿಂದ ಆನೆಗೊಂದಿಯವರೆಗೆ ಹೊಳೆದಂಡೆಯ ಎಷ್ಟೋ ಮನೆಗಳಲ್ಲಿ ಅಂದು ದೀಪ ಆರಲಿಲ್ಲ. ಕೊಪ್ಪಳದಿಂದ, ಕುಷ್ಟಗಿಯಿಂದ, ಬೆಂಗಳೂರಿಗೆ ದುಡಿಯಲು ಹೋದವರಿಂದ ಬಂದ ಫೋನುಗಳಲ್ಲೆಲ್ಲ ಒಂದೇ ಪ್ರಶ್ನೆ: ‘ಡ್ಯಾಂ ಒಡೀತಂತ, ಖರೆ ಏನು?’

ಒಡೆದದ್ದು ಅಣೆಕಟ್ಟೆಯಲ್ಲ, 33 ಗೇಟುಗಳಲ್ಲಿ ಒಂದು. ಕತ್ತಲಲ್ಲಿ ಹೊಳೆಯ ಸದ್ದು ಕೇಳುತ್ತ ಕುಳಿತವರಿಗೆ ಆ ವ್ಯತ್ಯಾಸ ಜೀವದಷ್ಟು ದೊಡ್ಡದು. ಯಾವ ಗೇಟು ಹೋಗಿದೆ, ಎಷ್ಟು ನೀರು ಬರುತ್ತಿದೆ, ಯಾವ ಊರಿನವರು ಏಳಬೇಕು ಎಂಬುದು ಗೊತ್ತಾದ ಮೇಲೆ ಜನ ಮಾಡಬೇಕಾದದ್ದನ್ನು ಮಾಡಿದರು. ದನಕರು ಬಿಚ್ಚಿದರು, ಪಂಪ್‌ಸೆಟ್ ಮೇಲಕ್ಕೆ ಎಳೆದರು, ನೆಂಟರಿಗೆ ಧೈರ್ಯ ಹೇಳಿದರು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದಾಗ ಗಂಗಾವತಿಯ ಭತ್ತದ ರೈತ ಉಸಿರುಬಿಟ್ಟ.

ಆ ವಾರ ನನಗೆ ಒಂದು ಮಾತು ಮನದಟ್ಟಾಯಿತು. ಪೆಟ್ಟು ಬಿದ್ದದ್ದು ಒಂದು ಸಂಗತಿ, ಪೆಟ್ಟಿನ ಸುದ್ದಿ ಇನ್ನೊಂದು ಸಂಗತಿ. ಎರಡನೆಯದು ಕೆಟ್ಟರೆ ಮೊದಲನೆಯದು ದುಪ್ಪಟ್ಟಾಗುತ್ತದೆ.

ಒಂಬತ್ತು ತಿಂಗಳು ಕಳೆಯುವಷ್ಟರಲ್ಲಿ ಅದೇ ಪ್ರಶ್ನೆ ಮತ್ತೆ ಕಿವಿಗೆ ಬಿತ್ತು. 2025ರ ಮೇ 8ರ ರಾತ್ರಿ, ಆಪರೇಷನ್ ಸಿಂಧೂರದ ಹೊತ್ತಿನಲ್ಲಿ, ದೇಶದ ಹಲವು ಟಿವಿ ವಾಹಿನಿಗಳು ನಮ್ಮ ನೌಕಾಪಡೆ ಕರಾಚಿ ಬಂದರಿನ ಮೇಲೆ ದಾಳಿ ಮಾಡಿದೆ, ಬಂದರು ಹೊತ್ತಿ ಉರಿಯುತ್ತಿದೆ ಎಂದು ಕೂಗಿದವು. ಮೇ 11ರ ಪತ್ರಿಕಾಗೋಷ್ಠಿಯಲ್ಲಿ ನೌಕಾ ಕಾರ್ಯಾಚರಣೆಗಳ ಮಹಾನಿರ್ದೇಶಕ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಹೇಳಿದ್ದು ಬೇರೆ: ಕರಾಚಿಯೂ ಸೇರಿದಂತೆ ಆಯ್ದ ಗುರಿಗಳಿಗೆ ಹೊಡೆಯಲು ನೌಕಾಪಡೆ ಉತ್ತರ ಅರಬ್ಬೀ ಸಮುದ್ರದಲ್ಲಿ ಸನ್ನದ್ಧವಾಗಿ ನಿಂತಿತ್ತು. ಸನ್ನದ್ಧವಾಗಿ ನಿಲ್ಲುವುದಕ್ಕೂ ಹೊಡೆಯುವುದಕ್ಕೂ ಇರುವ ಅಂತರವನ್ನು ಆ ರಾತ್ರಿಯ ಟಿವಿ ನುಂಗಿಹಾಕಿತ್ತು. ಕಡಲೇ ಇಲ್ಲದ ನಮ್ಮ ಜಿಲ್ಲೆಯ ಹೋಟೆಲುಗಳಲ್ಲೂ ಜನ ಆ ಬೆಂಕಿಯನ್ನು ನಂಬಿ ಮಲಗಿದರು.

ಕಡಲ ಯುದ್ಧದಲ್ಲಿ ಹಡಗಿಗೆ ಪೆಟ್ಟು ಬಿದ್ದರೆ ಆ ಸುದ್ದಿ ಹೇಗೆ ಹುಟ್ಟುತ್ತದೆ, ಎಲ್ಲಿ ಕೆಡುತ್ತದೆ, ಯಾರಿಗೆ ಸಲ್ಲಬೇಕು? ಇದು ಕರಾವಳಿಯವರಷ್ಟೇ ಕೇಳುವ ಪ್ರಶ್ನೆಯಲ್ಲ. ಹಡಗಿನಲ್ಲಿರುವ ಹುಡುಗ ಯಾವ ಊರಿನವನೂ ಆಗಿರಬಹುದು.

ಹಡಗಿನೊಳಗಿನ ವರದಿ

ಆನೆಗೊಂದಿಯಲ್ಲಿ ಹರಿಗೋಲು ಹತ್ತಿದವರಿಗೆ ಗೊತ್ತು. ತಳದಲ್ಲಿ ನೀರು ಜಿನುಗಿದರೆ ಅಂಬಿಗ ಅದನ್ನು ಮುಚ್ಚಿಡುವುದಿಲ್ಲ. ‘ಈ ಕಡೆ ಸರೀರಿ’ ಎಂದು ಒಬ್ಬರಿಗೆ ಹೇಳುತ್ತಾನೆ, ಇನ್ನೊಬ್ಬರ ಕೈಗೆ ಡಬ್ಬಿ ಕೊಡುತ್ತಾನೆ. ತೂತು ಎಲ್ಲಿದೆ ಎಂದು ತಿಳಿದ ಮೇಲೆ ದೋಣಿಯಲ್ಲಿದ್ದವರೆಲ್ಲ ಅಂಬಿಗನ ಕೈಯಾಳುಗಳೇ.

ಯುದ್ಧನೌಕೆಯಲ್ಲಿ ಇದೇ ಕೆಲಸ ಒಂದು ದೊಡ್ಡ ವ್ಯವಸ್ಥೆಯಾಗಿ ಬೆಳೆದಿದೆ. ಹಡಗಿನ ಒಡಲು ನೀರು ದಾಟದ ಬಾಗಿಲುಗಳಿರುವ ಹತ್ತಾರು ಕೋಣೆಗಳಾಗಿ ಹಂಚಿಹೋಗಿರುತ್ತದೆ. ಪೆಟ್ಟು ಬಿದ್ದ ಕೂಡಲೆ ಒಂದೊಂದು ಭಾಗದ ತಂಡವೂ ಹಾನಿ ನಿಯಂತ್ರಣ ಕೇಂದ್ರಕ್ಕೆ ಸುದ್ದಿ ಕಳಿಸಬೇಕು: ಯಾವ ಕೋಣೆ, ಬೆಂಕಿಯೋ ನೀರೋ, ಎಷ್ಟು ಆಳ, ವಿದ್ಯುತ್ ಇದೆಯೇ, ಎಷ್ಟು ಜನ ಗಾಯಗೊಂಡಿದ್ದಾರೆ. ಗೋಡೆಗೆ ಹಾಕಿದ ಹಡಗಿನ ನಕ್ಷೆಯ ಮೇಲೆ ಆ ಗುರುತುಗಳು ಬೀಳುತ್ತವೆ. ಅದನ್ನು ನೋಡಿ ಕ್ಯಾಪ್ಟನ್ ಯಾವ ಬಾಗಿಲು ಮುಚ್ಚಬೇಕು, ಯಾವ ಪಂಪು ಓಡಿಸಬೇಕು, ಕಾದಬೇಕೋ ಹಿಂದಿರುಗಬೇಕೋ, ಹಡಗನ್ನು ಬಿಡಲು ಹೇಳಬೇಕೋ ಎಂದು ನಿರ್ಧರಿಸುತ್ತಾನೆ. ಫೋನು ಸತ್ತರೆ ಹೊಗೆಯಲ್ಲಿ ತಡವರಿಸುತ್ತ ಓಡಿಬರುವ ನಾವಿಕನೇ ತಂತಿ.

ಆಮೇಲೆ ವರದಿ ಹಡಗಿನಿಂದ ದಡಕ್ಕೆ ಹೋಗಬೇಕು: ನಾವು ಎಲ್ಲಿದ್ದೇವೆ, ಏನು ಬಡಿಯಿತು, ಏನು ಉಳಿದಿದೆ. ಎರಡು ಸಾಲಿನ ಸಂದೇಶ. ಆ ಎರಡು ಸಾಲಿನಲ್ಲಿ ತಪ್ಪು ನುಸುಳಿದರೆ ಏನಾಗುತ್ತದೆ ಎಂಬುದಕ್ಕೆ 1971ರ ಡಿಸೆಂಬರ್ 4ರ ರಾತ್ರಿಗಿಂತ ನೋವಿನ ಉದಾಹರಣೆ ಸಿಗಲಾರದು.

ಖೈಬರ್ ಕಳಿಸಿದ ಕೊನೆಯ ಸಂದೇಶ

ಅಂದು ಆಪರೇಷನ್ ಟ್ರೈಡೆಂಟ್. ಕಮಾಂಡರ್ ಬಬ್ರು ಭಾನ್ ಯಾದವ್ ನಾಯಕತ್ವದ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕಿಲ್ತಾನ್, ಕಚ್ಚಲ್ ಹಡಗುಗಳ ಜೊತೆ ಕರಾಚಿಯತ್ತ ನುಗ್ಗಿದವು. ನಮ್ಮ ನೌಕಾಪಡೆ ಇಂದಿಗೂ ಡಿಸೆಂಬರ್ 4ನ್ನು ನೌಕಾಪಡೆ ದಿನವೆಂದು ಆಚರಿಸುವುದು ಈ ರಾತ್ರಿಯ ನೆನಪಿಗೆ.

ನಿರ್ಘಾತ್ ಹಾರಿಸಿದ ಕ್ಷಿಪಣಿ ಪಾಕಿಸ್ತಾನದ ಡಿಸ್ಟ್ರಾಯರ್ ಖೈಬರ್ ಹಡಗಿಗೆ ಬಡಿಯಿತು. ಕತ್ತಲಲ್ಲಿ ನೀರಿನ ಮೇಲೆ ತೇಲಿಬಂದ ಬೆಳಕನ್ನು ಖೈಬರ್ ನಾವಿಕರು ವಿಮಾನವೆಂದೇ ತಿಳಿದು ವಿಮಾನನಾಶಕ ತೋಪು ಹಾರಿಸಿದ್ದರು. ಹಡಗಿನಿಂದ ಹೊರಟದ್ದು ಕಂಡದ್ದನ್ನು ನಂಬಿ ಆಡಿದ ಮಾತು: ಶತ್ರು ವಿಮಾನ ದಾಳಿ ಮಾಡಿದೆ, ಒಂದನೇ ಬಾಯ್ಲರಿಗೆ ಪೆಟ್ಟು ಬಿದ್ದಿದೆ, ಹಡಗು ನಿಂತಿದೆ. ಕೆಲವೇ ನಿಮಿಷಗಳಲ್ಲಿ ಎರಡನೇ ಕ್ಷಿಪಣಿ ಬಂತು. ಖೈಬರ್ ಮುಳುಗಿತು, 222 ನಾವಿಕರು ಸತ್ತರು.

ಆ ಸಂದೇಶದಲ್ಲಿ ಎರಡು ತಪ್ಪುಗಳಿದ್ದವು. ವಿಮಾನ ಎಂದದ್ದು ಒಂದು. ಅದರಿಂದ ಕರಾಚಿಯ ಅಧಿಕಾರಿಗಳಿಗೆ ಕ್ಷಿಪಣಿ ದೋಣಿಗಳು ಬಾಗಿಲಿಗೇ ಬಂದಿವೆ ಎಂಬುದು ತಕ್ಷಣ ಹೊಳೆಯಲಿಲ್ಲ. ಹಡಗಿನ ಸ್ಥಾನವನ್ನು ತಪ್ಪಾಗಿ ತಿಳಿಸಿದ್ದು ಇನ್ನೊಂದು. ಹುಡುಕಲು ಹೊರಟವರು ಬೇರೆ ನೀರಿನಲ್ಲಿ ಹುಡುಕಿದರು, ನೆರವು ತಡವಾಯಿತು. ಬೆಂಕಿಯ ನಡುವೆ, ವಿದ್ಯುತ್ ಹೋದ ಹಡಗಿನಲ್ಲಿ ಕುಳಿತು ಆ ಸಂದೇಶ ಕಳಿಸಿದವನನ್ನು ದೂರುವ ಮನಸ್ಸು ನನಗಿಲ್ಲ. ಅವನು ಶತ್ರು ದೇಶದವನೆಂಬುದೂ ಇಲ್ಲಿ ಅಡ್ಡಬರುವುದಿಲ್ಲ. ನೀರಿನಲ್ಲಿ ತೇಲುತ್ತ ಸಹಾಯಕ್ಕೆ ಕಾದವನಿಗೆ ದೇಶಕ್ಕಿಂತ ಮೊದಲು ದಿಕ್ಕು ಬೇಕಿತ್ತು.

ಅದೇ ರಾತ್ರಿ ಮುಹಾಫಿಜ್ ಎಂಬ ಮೈನ್‌ಸ್ವೀಪರ್ ಸಂದೇಶ ಕಳಿಸುವಷ್ಟೂ ಹೊತ್ತು ಸಿಗದೆ ಮುಳುಗಿತು. ಸುದ್ದಿಯೇ ಹೊರಡದ ಸಾವು ಅದು. ಕರಾಚಿಯ ಕೀಮಾರಿಯಲ್ಲಿದ್ದ ತೈಲ ಟ್ಯಾಂಕುಗಳು ಹೊತ್ತಿ ಉರಿದವು. ಅವುಗಳಿಗೆ ಬೆಂಕಿ ಹಚ್ಚಿದ್ದು ನೌಕಾಪಡೆಯ ಕ್ಷಿಪಣಿಯೋ ವಾಯುಪಡೆಯ ವಿಮಾನವೋ ಎಂಬ ವಾದ ಯುದ್ಧ ಮುಗಿದ ಮೇಲೂ ನಮ್ಮವರಲ್ಲೇ ಬಹಳ ಕಾಲ ನಡೆಯಿತು.

ಮುಂದಿನ ಅನಾಹುತ ಇನ್ನೂ ದಾರುಣ. ಡಿಸೆಂಬರ್ 6ರಂದು ಭಾರತದ ಕ್ಷಿಪಣಿ ದೋಣಿಗಳನ್ನು ಹುಡುಕುತ್ತಿದ್ದ ಪಾಕಿಸ್ತಾನದ ಕಣ್ಗಾವಲು ವಿಮಾನವೊಂದು ಒಂದು ಹಡಗನ್ನು ಕಂಡು ಶತ್ರುವಿನದೆಂದು ವರದಿ ಮಾಡಿತು. ವಾಯುಪಡೆ ಬಂದು ಗುಂಡಿನ ಮಳೆ ಸುರಿಸಿತು. ಅದು ಅವರದೇ ಜುಲ್ಫಿಕರ್ ಯುದ್ಧನೌಕೆ. ಹಡಗಿನವರಲ್ಲಿ ಹಲವರು ತಮ್ಮವರ ಗುಂಡಿಗೇ ಸತ್ತರು. ಡಿಸೆಂಬರ್ 4ರ ರಾತ್ರಿ ಏನು ಬಡಿಯಿತೆಂದು ಸರಿಯಾಗಿ ತಿಳಿಯದೆ ಹುಟ್ಟಿದ ಗಾಬರಿ ಎರಡು ದಿನಗಳಲ್ಲಿ ತನ್ನವರನ್ನೇ ಹುಡುಕಿಕೊಂಡು ಹೋಯಿತು.

ಒಂದೇ ದಿನ, ಎರಡು ಸುದ್ದಿ

ನಮ್ಮ ಕಡೆಗೂ ಆ ಡಿಸೆಂಬರ್ ಬರೀ ಗೆಲುವಿನದಾಗಿರಲಿಲ್ಲ. ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ತಳ ಸೇರಿತು. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತನ್ನು ಬೇಟೆಯಾಡಲು ಬಂದಿದ್ದ ಹಡಗು ಅದು. ವಿಕ್ರಾಂತ್ ವಿಶಾಖಪಟ್ಟಣದ ಹತ್ತಿರವೇ ಇದೆಯೆಂದು ಶತ್ರುವನ್ನು ನಂಬಿಸಲು ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಸುಳ್ಳು ಸಂದೇಶಗಳ ಬಲೆ ಹೆಣೆದಿದ್ದರು. ಆದರೆ ಘಾಜಿ ಮುಳುಗಿದೆ ಎಂದು ನಮ್ಮ ಜನರಿಗೆ ಹೇಳುವ ಹೊತ್ತಿನಲ್ಲಿ ನೌಕಾಪಡೆ ಆತುರಪಡಲಿಲ್ಲ. ಮೀನುಗಾರರಿಗೆ ಸಿಕ್ಕ ತೇಲುವಸ್ತುಗಳನ್ನು ನೋಡಿ, ಮುಳುಗುಗಾರರನ್ನು ತಳಕ್ಕಿಳಿಸಿ ಖಾತ್ರಿ ಮಾಡಿಕೊಂಡ ಮೇಲೆ ಡಿಸೆಂಬರ್ 9ರಂದು ಸುದ್ದಿ ಹೊರಬಿತ್ತು. ಮುಳುಗಿದ್ದು ಐಎನ್‌ಎಸ್ ರಜಪೂತ್ ಹಾಕಿದ ಡೆಪ್ತ್ ಚಾರ್ಜ್‌ಗಳಿಂದಲೋ ಒಳಗಿನ ಸ್ಫೋಟದಿಂದಲೋ ಎಂಬುದರಲ್ಲಿ ಎರಡು ದೇಶಗಳ ಮಾತು ಇಂದಿಗೂ ಕೂಡುವುದಿಲ್ಲ. ಮುಳುಗಿತೆಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಶತ್ರುವಿಗೆ ಸುಳ್ಳು, ತನ್ನವರಿಗೆ ಪರೀಕ್ಷಿಸಿದ ಸತ್ಯ. ಯುದ್ಧಕಾಲದ ಧರ್ಮ ಇಷ್ಟೇ ಎಂದು ನಾನು ನಂಬಿದ್ದೇನೆ.

ಘಾಜಿಯ ಸುದ್ದಿ ಹೊರಬಿದ್ದ ಅದೇ ಡಿಸೆಂಬರ್ 9ರ ರಾತ್ರಿ ದಿಯು ತೀರದಾಚೆ ನಮ್ಮ ಐಎನ್‌ಎಸ್ ಖುಕ್ರಿ ಹಡಗಿಗೆ ಪಾಕಿಸ್ತಾನದ ಜಲಾಂತರ್ಗಾಮಿ ಹಂಗೋರ್ ಟಾರ್ಪೆಡೊ ಹೊಡೆಯಿತು. ನಿಮಿಷಗಳಲ್ಲಿ ಹಡಗು ಹೋಯಿತು. 18 ಅಧಿಕಾರಿಗಳು, 176 ನಾವಿಕರು ಅದರ ಜೊತೆ ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸಿಕ್ಕಷ್ಟು ಜನರನ್ನು ನೀರಿಗಿಳಿಸಿ ತಾವು ಹಡಗಿನಲ್ಲೇ ಉಳಿದರು. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಬದುಕುಳಿದ 67 ಮಂದಿಯನ್ನು ಕಚ್ಚಲ್ ಹಡಗು ಎತ್ತಿಕೊಂಡಿತು. ಅಂದರೆ ರೇಡಿಯೊದಲ್ಲಿ ಘಾಜಿಯ ಸುದ್ದಿ ಕೇಳಿ ಹಿಗ್ಗಿದ ಎಷ್ಟೋ ಮನೆಗಳಿಗೆ ತಮ್ಮ ಮಗ ಆ ಹೊತ್ತಿನಲ್ಲಿ ನೀರಿನಲ್ಲಿದ್ದಾನೆ ಎಂಬುದು ತಿಳಿದಿರಲಿಲ್ಲ.

ನಮ್ಮ ಊರುಗಳಿಗೆ ಆಗ ಯುದ್ಧ ಬರುತ್ತಿದ್ದದ್ದು ಕಿವಿಯ ಮೂಲಕ. ಧಾರವಾಡ ಆಕಾಶವಾಣಿ 1950ರಿಂದಲೇ ಇತ್ತು, ಗುಲಬರ್ಗಾ ಕೇಂದ್ರ 1966ರಲ್ಲಿ ಬಂತು. ರೇಡಿಯೊ ಇದ್ದ ಮನೆಯ ಅಂಗಳ, ಪಂಚಾಯಿತಿ ಕಟ್ಟೆ, ಚಹಾದ ಅಂಗಡಿ ವಾರ್ತೆಯ ವೇಳೆಗೆ ತುಂಬುತ್ತಿದ್ದವು ಎಂದು ಹಿರಿಯರು ಹೇಳುತ್ತಾರೆ. ಹಡಗನ್ನು ಚಿತ್ರದಲ್ಲಷ್ಟೇ ಕಂಡ ಜನ ಹಡಗು ಮುಳುಗಿದ್ದನ್ನು ಕೇಳಿ ಸುಮ್ಮನಾಗುತ್ತಿದ್ದರು. ಆ ದನಿಯ ಮೇಲೆ ಇಟ್ಟ ನಂಬಿಕೆ ದೊಡ್ಡದು. ದೊಡ್ಡದಾದ್ದರಿಂದಲೇ ಅದನ್ನು ಕೆಡಿಸುವುದು ದೊಡ್ಡ ತಪ್ಪು.

ಮುಳುಗದ ಹಡಗು ಮುಳುಗಿತೆಂದವರು

1965ರ ಯುದ್ಧದಲ್ಲಿ ಇದೇ ಘಾಜಿ ನಮ್ಮ ಬ್ರಹ್ಮಪುತ್ರ ಯುದ್ಧನೌಕೆಗೆ ಟಾರ್ಪೆಡೊ ಹೊಡೆದೆನೆಂದು ಹೇಳಿಕೊಂಡಿತು. ಸ್ಫೋಟದ ಸದ್ದು ಕೇಳಿದ್ದೇ ಆಧಾರ. ಹಡಗು ಮುಳುಗಿತೆಂದು ಪಾಕಿಸ್ತಾನ ಸಾರಿತು. ಬ್ರಹ್ಮಪುತ್ರ ಒಂದು ಗೀರೂ ಇಲ್ಲದೆ ಮುಂಬಯಿಗೆ ಬಂತು. ವಿದೇಶಿ ರಾಯಭಾರ ಕಚೇರಿಗಳ ನೌಕಾ ಅಧಿಕಾರಿಗಳನ್ನು ಕರೆದು ಹಡಗನ್ನು ತೋರಿಸಲಾಯಿತು. ಅದೇ ಯುದ್ಧದ ಸೆಪ್ಟೆಂಬರ್ 7ರ ರಾತ್ರಿ ದ್ವಾರಕೆಯ ಮೇಲೆ ಪಾಕಿಸ್ತಾನದ ಹಡಗುಗಳು ಗುಂಡು ಸುರಿಸಿದಾಗಲೂ ಹೀಗೆಯೇ. ಭಾರಿ ನಾಶ ಮಾಡಿದೆವು ಎಂಬ ಪ್ರಚಾರ ನಡೆಯಿತು. ಗುಂಡುಗಳಲ್ಲಿ ಬಹುಪಾಲು ದೇವಸ್ಥಾನಕ್ಕೂ ರೈಲು ನಿಲ್ದಾಣಕ್ಕೂ ನಡುವಿನ ಮೆತ್ತನೆಯ ನೆಲದಲ್ಲಿ ಹೂತಿದ್ದವು.

ಕಡಲಿನಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ, ಅದಕ್ಕೆ ಕಾರಣಗಳೂ ಇವೆ. ರಾತ್ರಿ, ಹೊಗೆ, ದೂರ. ಹಡಗಿನ ಪಕ್ಕದ ನೀರಿಗೆ ಬಿದ್ದ ಬಾಂಬು ಎಬ್ಬಿಸುವ ನೀರಿನ ಗೋಡೆ ಮೇಲಿನಿಂದ ನೋಡುವವನಿಗೆ ಸ್ಫೋಟದಂತೆಯೇ ಕಾಣುತ್ತದೆ. ಒಂದೇ ಹಡಗಿನ ಬೆಂಕಿಯನ್ನು ಹತ್ತು ಪೈಲಟ್‌ಗಳು ನೋಡಿ ಬಂದರೆ ಕಡತದಲ್ಲಿ ಹತ್ತು ಹಡಗು ಉರಿಯುತ್ತವೆ. ನೆಲದ ಯುದ್ಧದಲ್ಲಿ ಮರುದಿನ ಹೋಗಿ ಎಣಿಸಬಹುದು. ಕಡಲು ರಾತ್ರಿಯೇ ತನ್ನ ಮೇಲ್ಮೈ ಒರೆಸಿಕೊಂಡಿರುತ್ತದೆ.

1944ರ ಅಕ್ಟೋಬರ್‌ನಲ್ಲಿ ತೈವಾನ್ ಬಳಿಯ ವಾಯುಕದನದಲ್ಲಿ ಜಪಾನಿಗೆ ಆದದ್ದು ಇದೇ. ಕತ್ತಲಲ್ಲಿ ದಾಳಿ ಮಾಡಿ ಬಂದ ಅನನುಭವಿ ಪೈಲಟ್‌ಗಳ ವರದಿಗಳನ್ನು ಕೂಡಿಸಿ ಅಮೆರಿಕದ 11 ವಿಮಾನವಾಹಕ ನೌಕೆಗಳನ್ನು ಮುಳುಗಿಸಿದೆವು ಎಂದು ಜಪಾನ್ ಘೋಷಿಸಿತು. ದೇಶವೇ ಸಂಭ್ರಮಿಸಿತು. ಒಂದೂ ಮುಳುಗಿರಲಿಲ್ಲ, ಎರಡು ಕ್ರೂಸರ್‌ಗಳು ತೀವ್ರವಾಗಿ ಗಾಯಗೊಂಡಿದ್ದವು, ಅಷ್ಟೇ. ಆ ಲೆಕ್ಕವನ್ನು ನಂಬಿದ ಜಪಾನಿನ ಭೂಸೇನೆ ತನ್ನ ಯೋಜನೆ ಬದಲಿಸಿ ಲೇತೆ ದ್ವೀಪಕ್ಕೆ ಸೈನ್ಯ ಸುರಿಯಿತು. ‘ಮುಳುಗಿದ’ ಹಡಗುಗಳಿಂದ ಹಾರಿಬಂದ ವಿಮಾನಗಳು ಆ ಸೈನಿಕರ ಮೇಲೆ ಬಾಂಬು ಹಾಕಿದವು. ಸುಳ್ಳು ಗೆಲುವಿನ ಬೆಲೆ ತೆತ್ತದ್ದು ಅದನ್ನು ಸಾರಿದವರಲ್ಲ, ನಂಬಿ ಹೊರಟ ಕಾಲಾಳುಗಳು.

ಮೌನಕ್ಕೂ ಒಂದು ಅವಧಿ

ಎಲ್ಲವನ್ನೂ ಆಗಿಂದಾಗ ಹೇಳಿಬಿಡಬೇಕು ಎಂದು ನಾನು ವಾದಿಸುತ್ತಿಲ್ಲ. ಹಡಗಿಗೆ ಎಲ್ಲಿ ಪೆಟ್ಟು ಬಿದ್ದಿದೆ, ಯಾವ ತೋಪು ಕೆಲಸ ಮಾಡುತ್ತಿಲ್ಲ ಎಂಬುದನ್ನು ಶತ್ರುವಿಗೆ ಕೇಳಿಸುವಂತೆ ಹೇಳಿದರೆ ಗಾಯದ ಮೇಲೇ ಮತ್ತೆ ಏಟು ಬೀಳುತ್ತದೆ. 1941ರ ನವೆಂಬರ್ 25ರಂದು ಬ್ರಿಟನ್ನಿನ ಬಾರ್‌ಹಾಮ್ ಯುದ್ಧನೌಕೆ ಮೆಡಿಟರೇನಿಯನ್ನಿನಲ್ಲಿ ಸ್ಫೋಟಗೊಂಡು 800ಕ್ಕೂ ಹೆಚ್ಚು ಜನ ಸತ್ತರು. ಅದು ಮುಳುಗಿತೆಂಬುದು ಜರ್ಮನರಿಗೆ ಖಚಿತವಾಗಿರಲಿಲ್ಲ. ಬ್ರಿಟನ್ ಎರಡು ತಿಂಗಳು ಸುದ್ದಿ ತಡೆಹಿಡಿದು 1942ರ ಜನವರಿ ಕೊನೆಗೆ ಪ್ರಕಟಿಸಿತು. ಆದರೆ ಸತ್ತವರ ಮನೆಯವರಿಗೆ ಅದಕ್ಕೂ ಮೊದಲೇ ಪತ್ರ ಹೋಗಿತ್ತು, ಗುಟ್ಟು ಕಾಯಿರಿ ಎಂಬ ವಿನಂತಿಯೊಂದಿಗೆ. ಲೋಕಕ್ಕೆ ತಡವಾದರೂ ತಾಯಿಗೆ ತಡವಾಗಲಿಲ್ಲ.

ಇದಕ್ಕೆ ವಿರುದ್ಧವಾದದ್ದು 1914ರ ಅಕ್ಟೋಬರ್ 27ರಂದು ಐರ್ಲೆಂಡ್ ಬಳಿ ಮೈನಿಗೆ ಸಿಕ್ಕಿ ಮುಳುಗಿದ ಬ್ರಿಟನ್ನಿನದೇ ಆಡಾಶಿಯಸ್ ಯುದ್ಧನೌಕೆಯ ಕಥೆ. ಪಕ್ಕದಲ್ಲಿ ಹೋಗುತ್ತಿದ್ದ ಒಲಿಂಪಿಕ್ ಹಡಗಿನ ಪ್ರಯಾಣಿಕರು ಫೋಟೊ ತೆಗೆದಿದ್ದರು. ಆದರೂ ಸರ್ಕಾರ ಯುದ್ಧ ಮುಗಿಯುವವರೆಗೆ, ಅಂದರೆ 1918ರ ನವೆಂಬರ್‌ವರೆಗೆ, ಒಪ್ಪಿಕೊಳ್ಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಇಲ್ಲವೆಂದವರ ಮುಂದಿನ ಮಾತನ್ನು ಯಾರು ನಂಬುತ್ತಾರೆ? 2022ರ ಏಪ್ರಿಲ್‌ನಲ್ಲಿ ಕಪ್ಪು ಸಮುದ್ರದಲ್ಲಿ ರಷ್ಯಾದ ಮೊಸ್ಕ್ವಾ ಮುಳುಗಿದಾಗಲೂ, ನಮ್ಮ ಕ್ಷಿಪಣಿ ಹೊಡೆಯಿತು ಎಂದು ಉಕ್ರೇನ್ ಹೇಳಿದರೆ, ಬೆಂಕಿ ಬಿದ್ದು ಬಿರುಗಾಳಿಯಲ್ಲಿ ಮುಳುಗಿತು ಎಂದು ರಷ್ಯಾ ಹೇಳಿತು. ಮಗ ಎಲ್ಲಿ ಎಂದು ಕೇಳಿದ ತಂದೆತಾಯಿಯರಿಗೆ ಆ ಉತ್ತರ ಸಾಲಲಿಲ್ಲ.

ನಮ್ಮ ಕಾರವಾರದ ಎದುರಿನ ಅಂಜದೀವ್ ದ್ವೀಪವೂ ಇಂಥದೊಂದು ನೆನಪು ಹೊತ್ತಿದೆ. 1961ರ ನವೆಂಬರ್‌ನಲ್ಲಿ ಅಲ್ಲಿದ್ದ ಪೋರ್ಚುಗೀಸರು ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ತ್ರಿಶೂಲ್ ಮತ್ತು ನಮ್ಮ ನಾಡಿನ ಹೆಸರನ್ನೇ ಹೊತ್ತ ಮೈಸೂರು ಹಡಗುಗಳ ಬೆಂಬಲದಲ್ಲಿ ದ್ವೀಪಕ್ಕಿಳಿದ ನಾವಿಕರಲ್ಲಿ ಏಳು ಮಂದಿ ಪ್ರಾಣ ಕೊಟ್ಟರು. ಅದೇ ದಿನ ಗೋವಾ ಬಂದರಿನಲ್ಲಿ ಬೇತ್ವಾ, ಬಿಯಾಸ್ ಹಡಗುಗಳ ತೋಪಿಗೆ ಸಿಕ್ಕ ಪೋರ್ಚುಗೀಸ್ ನೌಕೆ ಅಫೊನ್ಸೊ ಡಿ ಅಲ್ಬುಕರ್ಕ್ ದಡ ಹತ್ತಿ ಕುಳಿತಿತು. ತಾವೂ ಭಾರತದ ಹಡಗುಗಳಿಗೆ ಪೆಟ್ಟು ಕೊಟ್ಟೆವೆಂದು ಪೋರ್ಚುಗೀಸರು ಬರೆದುಕೊಂಡರು. ಎರಡು ಕಡೆಯ ಲೆಕ್ಕ ಇಂದಿಗೂ ತಾಳೆಯಾಗುವುದಿಲ್ಲ.

ಪ್ರಶಸ್ತಿ ಮತ್ತು ವೀರಗಲ್ಲು

ಗೆಲುವನ್ನು ಸಾರುವುದು, ಹೋದವರನ್ನು ನೆನೆಯುವುದು: ಈ ಎರಡು ಬಗೆಯ ವರದಿ ನಮಗೆ ಹೊಸತಲ್ಲ. ಕುಷ್ಟಗಿಯಿಂದ ಇಳಕಲ್, ಹುನಗುಂದ ದಾಟಿದರೆ ಐಹೊಳೆ. ಅಲ್ಲಿನ ಮೇಗುತಿ ಬಸದಿಯ ಗೋಡೆಯಲ್ಲಿ ಕವಿ ರವಿಕೀರ್ತಿ ಕ್ರಿ.ಶ. 634ರಲ್ಲಿ ಬರೆಸಿದ ಶಾಸನವಿದೆ. ಇಮ್ಮಡಿ ಪುಲಕೇಶಿ ನೂರಾರು ಹಡಗುಗಳೊಂದಿಗೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದ್ದನ್ನು ಅದು ವರ್ಣಿಸುತ್ತದೆ. ಯಲಬುರ್ಗಾ ಹಿಂದೆ ಎರಂಬರಗೆ ಎಂಬ ಹೆಸರಿನಿಂದ ಸಿಂದರ ರಾಜಧಾನಿಯಾಗಿತ್ತು. ಆರನೆಯ ವಿಕ್ರಮಾದಿತ್ಯನ ಆಜ್ಞೆಯಂತೆ ಸಿಂದ ದೊರೆ ಆಚುಗಿ ಗೋವೆಯನ್ನು ಹಿಡಿದನೆಂದು ಆ ವಂಶದ ಶಾಸನಗಳು ಹೊಗಳುತ್ತವೆ. ಕಡಲು ಕಾಣದ ಯಲಬುರ್ಗಾದವರು ಕಡಲ ರಾಜಧಾನಿಯ ಗೆಲುವನ್ನು ಕಲ್ಲಿನಲ್ಲಿ ಕಡೆಸಿದರು. ಇವು ಪ್ರಶಸ್ತಿಗಳು. ಎಷ್ಟು ಹಡಗು ಹೋಯಿತು, ಎಷ್ಟು ಜನ ಮರಳಲಿಲ್ಲ ಎಂದು ಇವು ಹೇಳುವುದಿಲ್ಲ. ಅದು ಅವುಗಳ ಕೆಲಸವೂ ಅಲ್ಲ.

ಆ ಕೆಲಸ ಮಾಡಿದ್ದು ವೀರಗಲ್ಲು. ಮುಂಬಯಿಯ ಬೊರಿವಲಿ ಹತ್ತಿರದ ಏಕಸರ್‌ನಲ್ಲಿ ಹಡಗುಗಳ ಕಾಳಗವನ್ನು ಕೆತ್ತಿದ ವೀರಗಲ್ಲುಗಳಿವೆ. ಶಿಲಾಹಾರ ಸೋಮೇಶ್ವರನಿಗೂ ಯಾದವ ಮಹಾದೇವನಿಗೂ 13ನೇ ಶತಮಾನದಲ್ಲಿ ನಡೆದ ಕದನದ ನೆನಪು ಅವು ಎಂದು ಹಲವು ವಿದ್ವಾಂಸರ ಮತ. ಹುಟ್ಟು ಹಾಕುವವರ ಸಾಲು, ಒಂದಕ್ಕೊಂದು ಎದುರಾದ ಹಡಗುಗಳು, ಮೇಲಿನ ಪಟ್ಟಿಕೆಯಲ್ಲಿ ಸ್ವರ್ಗಕ್ಕೆ ಹೋಗುವ ವೀರ. ಗೋವೆಯಲ್ಲೂ ಕದಂಬರ ಕಾಲದ ಹಡಗಿನ ವೀರಗಲ್ಲುಗಳು ಉಳಿದಿವೆ. ಕಾರವಾರದ ನೌಕಾನೆಲೆಗೆ 2005ರಲ್ಲಿ ಐಎನ್‌ಎಸ್ ಕದಂಬ ಎಂದು ಹೆಸರಿಟ್ಟಾಗ ಆ ಪರಂಪರೆಯೇ ಮತ್ತೆ ಹಾಯಿ ಬಿಚ್ಚಿದಂತಾಯಿತು.

ದಿಯುವಿನಲ್ಲಿ ಕಡಲಿಗೆ ಮುಖಮಾಡಿ ಖುಕ್ರಿ ಸ್ಮಾರಕವಿದೆ. ಗಾಜಿನ ಗೂಡಿನಲ್ಲಿ ಆ ಹಡಗಿನ ಪುಟ್ಟ ಮಾದರಿ. ಅದು ಈ ಕಾಲದ ವೀರಗಲ್ಲು. ಸೋತ ರಾತ್ರಿಯನ್ನು ಮುಚ್ಚಿಡದೆ ನಿಲ್ಲಿಸಿದ ಕಲ್ಲು ಅದು, ಅದಕ್ಕೇ ಅದು ದೊಡ್ಡದು.

ದೇಶಕ್ಕೆ ಪ್ರಶಸ್ತಿಯೂ ಬೇಕು. ಟ್ರೈಡೆಂಟಿನ ರಾತ್ರಿಯನ್ನು ನೆನೆದು ಎದೆಯುಬ್ಬುವುದು ತಪ್ಪಲ್ಲ. ಆದರೆ ವೀರಗಲ್ಲು ನಿಲ್ಲಬೇಕಾದ ಜಾಗದಲ್ಲಿ ಪ್ರಶಸ್ತಿಯನ್ನು ನಿಲ್ಲಿಸಬಾರದು. ಯುದ್ಧ ನಡೆಯುತ್ತಿರುವಾಗ ಟಿವಿಯ ಮುಂದೆ ಕುಳಿತ ನಾವು ಮೂರು ಪ್ರಶ್ನೆ ಕೇಳಿಕೊಳ್ಳಬಹುದು: ಹೇಳುತ್ತಿರುವವರು ಯಾರು? ಅವರು ಕಂಡದ್ದೋ, ಕೇಳಿದ್ದೋ? ನೌಕಾಪಡೆ ಒಪ್ಪಿದೆಯೇ? ಉತ್ತರ ಸಿಗದಿದ್ದರೆ ಫೋನನ್ನು ಕೆಳಗಿಡೋಣ. ಮುಂದಕ್ಕೆ ಕಳಿಸದ ಒಂದು ಸಂದೇಶವೂ ದೇಶಸೇವೆಯೇ.

ನಮ್ಮ ಜಿಲ್ಲೆಯ ಊರುಗಳಲ್ಲಿ ಅಗಸಿಯ ಪಕ್ಕದಲ್ಲೋ ಹನುಮಪ್ಪನ ಗುಡಿಯ ಹಿಂದೆಯೋ ವೀರಗಲ್ಲು ನಿಂತಿರುವುದನ್ನು ನೀವು ಕಂಡಿರಬಹುದು. ಅಕ್ಷರ ಸವೆದು ಯಾರ ಹೆಸರೆಂದು ಓದಲು ಬರುವುದಿಲ್ಲ. ಆದರೂ ಅಮಾವಾಸ್ಯೆಗೆ ಯಾರೋ ಅದಕ್ಕೆ ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಹೋಗಿರುತ್ತಾರೆ. ರಾಜರ ಪ್ರಶಸ್ತಿಗಳನ್ನು ಓದಲು ಇಂದು ಶಾಸನತಜ್ಞರೇ ಬೇಕು. ಈ ಕಲ್ಲಿಗೆ ಓದುಗರು ಬೇಕಿಲ್ಲ. ಇಲ್ಲಿಯ ಒಬ್ಬ ಮಗ ಹೋದ, ಮರಳಲಿಲ್ಲ ಎಂಬ ಸುದ್ದಿಯನ್ನು ಅದು ಖರೆ ಹೇಳಿದೆ. ಊರು ಅದನ್ನು ಇನ್ನೂ ನಂಬುತ್ತದೆ.